ಅಜ್ಜಿಯನ್ನು ದಾಟಿದವರು

ನರಿನ್ ಪಟ್ಟಣದ ಸಂತೆಯಿಂದ ಸಾಲ್ಕಿನ್ ಎಂಬ ಹುಡುಗಿಯನ್ನು ಮದುವೆಗೆಂದು ಬಲವಂತವಾಗಿ ಕಾರಿಗೆ ತುಂಬಿಕೊಂಡು ಬಂದ ಹುಡುಗರು ಅಂಗಳದಲ್ಲಿ ಆಗಲೇ ಮದುವೆಯ ಕುರಿ ಕೊಯ್ಯುತ್ತಿದ್ದರು. ಒಳಗೆ ನಮ್ಮೂರ ಹೆಂಗಸರು ಮದುವಣಗಿತ್ತಿಯ ಬಿಳಿ ವಸ್ತ್ರವನ್ನು ಅವಳ ತಲೆಗೆ ಕಟ್ಟಲು ನೋಡುತ್ತಿದ್ದರು. ಅದು ತಲೆಗೇರಿದರೆ ಹುಡುಗಿ ಮದುವೆಗೆ ಒಪ್ಪಿದಂತೆ. ಅವಳು ಪ್ರತಿ ಸಲವೂ ಕಿತ್ತೆಸೆಯುತ್ತಿದ್ದಳು.

"ನಾವೆಲ್ಲಾ ಹೀಗೇ ಅತ್ಕೊಂಡು ಬಂದವ್ರೇ ಕಣಮ್ಮ. ಈಗ ಚೆನ್ನಾಗಿಲ್ವಾ?" ಎಂದಳು ವರನ ತಾಯಿ ಕುಲಿಪಾ. ಎಲ್ಲರೂ ಹೂಂಗುಟ್ಟಿದರು.

ವರನ ಅಜ್ಜಿ ಹೊಸಿಲಿಗೆ ಅಡ್ಡ ಮಲಗಿದಳು. ಹಿರಿಯರನ್ನು ದಾಟಿ ಹೋದವಳಿಗೆ ಶಾಪ ತಟ್ಟುತ್ತದೆಂಬುದು ಸಾಲ್ಕಿನ್‌ಗೂ ಗೊತ್ತು. ಅವಳು ವಸ್ತ್ರ ತಳ್ಳುವುದನ್ನು ಬಿಟ್ಟಳು.

ಆಗ ಚಹಾ ಬಗ್ಗಿಸುತ್ತಿದ್ದ ಹಿರಿಸೊಸೆ ಜಿಪಾರ್ ಎದ್ದು ನಿಂತಳು.

"ನಾನು ಚೆನ್ನಾಗಿಲ್ಲ ಅತ್ತೆ. ಇಷ್ಟು ವರ್ಷದಲ್ಲಿ ನೀವ್ಯಾರೂ ಕೇಳ್ಲೂ ಇಲ್ಲ."

"ಬಾಯ್ಮುಚ್ಚೇ! ಯಾರಿಗೂ ಇಲ್ಲದ್ದು ನಿಂಗೊಬ್ಳಿಗೇನು?"

ಈ ಸಲ ಯಾರೂ ಹೂಂಗುಟ್ಟಲಿಲ್ಲ. ವಸ್ತ್ರ ಹಿಡಿದಿದ್ದ ನೆರೆಮನೆಯ ಮುದುಕಿ ಅದನ್ನು ಮೆಲ್ಲನೆ ಕೆಳಗಿಟ್ಟಳು.

ಜಿಪಾರ್ ಹುಡುಗಿಯ ಕೈ ಹಿಡಿದಳು. "ಶಾಪ ಇದ್ರೆ ನಂಗೇ ತಟ್ಲಿ, ಬಾರೇ ತಂಗಿ," ಎಂದು ಅಜ್ಜಿಯನ್ನು ತಾನೇ ಮೊದಲು ದಾಟಿದಳು. ಸಾಲ್ಕಿನ್ ಹಿಂದೆಯೇ ಜಿಗಿದಳು. ಅಂಗಳದ ಹುಡುಗರು ಚಾಕು ಹಿಡಿದು ಬೆಪ್ಪಾಗಿ ನಿಂತಿದ್ದಂತೆಯೇ ಇಬ್ಬರೂ ಹೆದ್ದಾರಿ ಸೇರಿ, ಬಂದ ಮೊದಲ ಬಸ್ಸಿಗೆ ಕೈ ಅಡ್ಡ ಹಾಕಿದರು.