ಇಡೀ ಪುಟದ ನಕಲು

ನಮ್ಮಣ್ಣ ಸಣ್ಣ ವಿಮಾನ ಹಾರಿಸುತ್ತಾನೆ. ರನ್‌ವೇ ಮುಚ್ಚಿದೆ, ಹೊರಡಬೇಡ ಎಂದು ಕಂಟ್ರೋಲ್ ಟವರಿನವನು ಹೇಳಿದ ಮೇಲೂ ಹಾರಿದ ಎಂಬುದು ಅವನ ಮೇಲಿನ ಕೇಸು. ಸಾಬೀತಾದರೆ ಲೈಸೆನ್ಸ್ ಕಾಯಂ ರದ್ದು. ಅವನಿಗೆ ಬೇರೆ ಕಸುಬು ಗೊತ್ತಿಲ್ಲ. ಒಂದು ಲೋಟ ಟೀ ಮಾಡಲೂ ಬಾರದು, ಬೇಕಾದರೆ ಅತ್ತಿಗೆಯನ್ನು ಕೇಳಿ. ತಾನು ಹಾರಿದ್ದು ಹತ್ತು ಏಳಕ್ಕೆ, ಆದೇಶ ಬಂದದ್ದು ಆಮೇಲೆ ಎಂದು ಅವನು ಹೇಳುತ್ತಿದ್ದ. ಟವರಿನ ದಿನಚರಿಯಲ್ಲಿ ಮಾತ್ರ ಆದೇಶದ ಹೊತ್ತು ಹತ್ತು ಐದು ಎಂದಿತ್ತು.

ಆ ಪುಟದ ದೃಢೀಕೃತ ನಕಲು ತರಲು ವಕೀಲರು ನನ್ನನ್ನು ದಾಖಲೆ ಕಚೇರಿಗೆ ಅಟ್ಟಿದರು. ಅಲ್ಲಿನ ಅಧಿಕಾರಿ ನಿವೃತ್ತಿಯ ಅಂಚಿನ ಹೆಂಗಸು. ಜೆರಾಕ್ಸ್ ತೆಗೆದು, ತಾಳೆ ನೋಡಲು ಅದನ್ನು ಗುಮಾಸ್ತೆಯ ಕೈಗಿತ್ತು, ತಾನು ಮೂಲವನ್ನು ಗಟ್ಟಿಯಾಗಿ ಓದತೊಡಗಿದಳು. ಅಲ್ಪವಿರಾಮ, ಶಾಯಿಯ ಚುಕ್ಕೆ, ಹರಿದ ಮೂಲೆ, ಒಂದನ್ನೂ ಬಿಡಲಿಲ್ಲ. ಯಂತ್ರ ತೆಗೆದ ನಕಲಿನಲ್ಲಿ ಎಂಥ ತಪ್ಪು ಇದ್ದೀತು ಎಂದು ನನಗೆ ಪಿತ್ತ ನೆತ್ತಿಗೇರಿತು.

ಆದೇಶದ ಹೊತ್ತಿನ ಸಾಲಿಗೆ ಬಂದು ಆಕೆ ನಿಂತಳು. ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಶಾಯಿಯ ಐದರ ಕೆಳಗೆ, ಉಜ್ಜಿ ಅಳಿಸಿದ ಪೆನ್ಸಿಲಿನ ಒಂಬತ್ತು. ಯಂತ್ರಕ್ಕೆ ಅದು ಕಂಡಿರಲಿಲ್ಲ. ಆಕೆ ಅದನ್ನು ಅಂಚಿನಲ್ಲಿ ಬರೆದು ಸಹಿ ಹಾಕಿದಳು.

ನನ್ನ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಅಣ್ಣನನ್ನು ಸಿಕ್ಕಿಸಲೆಂದೇ ತಿದ್ದಿದ್ದಾರೆ ಎಂದೂ ಬರೆಯಿರಿ, ಆ ಒಂದು ಸಾಲಿನ ನಕಲು ಕೊಟ್ಟರೂ ಸಾಕು ಎಂದೆ.

"ಕಂಡಿದ್ದನ್ನ ಬರೀತೀನಮ್ಮ, ಊಹೆ ಬರೆಯಲ್ಲ. ಕೊಟ್ರೆ ಇಡೀ ಪುಟ ಕೊಡ್ತೀನಿ," ಎಂದು ಮುದ್ರೆ ಒತ್ತಿದಳು.

ಕೋರ್ಟಿಗೆ ಆಕೆ ಬರಲಿಲ್ಲ. ಮುದ್ರೆ ಬಿದ್ದ ಮೇಲೆ ಹಾಳೆಯೇ ಸಾಕ್ಷಿ, ಆಕೆ ಬರಬೇಕಾಗಿಲ್ಲ ಎಂದರು ವಕೀಲರು. ನನಗೆ ನಂಬಿಕೆ ಬರಲಿಲ್ಲ. ಆದರೆ ಅಲ್ಲಿಯತನಕ ಅರಳು ಹುರಿದಂತೆ ಮಾತಾಡುತ್ತಿದ್ದ ಟವರಿನವನು, ನ್ಯಾಯಾಧೀಶರು ಆ ಹಾಳೆಯನ್ನು ಕೈಗೆ ಕೊಟ್ಟೊಡನೆ ತಡವರಿಸಿದ. ಬೆವರು ಒರೆಸಿಕೊಂಡು, ಮೊದಲು ಒಂಬತ್ತು ಎಂದೇ ಬರೆದಿದ್ದೆ, ತಡವಾಗಿ ಹೇಳಿದ್ದು ತಿಳಿಯಬಾರದೆಂದು ಆಮೇಲೆ ತಿದ್ದಿದೆ ಎಂದು ಒಪ್ಪಿಕೊಂಡ. ಪಕ್ಕದಲ್ಲಿದ್ದ ಅಮ್ಮನ ಕೈ ಅದುಮಿದೆ.

ನ್ಯಾಯಾಧೀಶರು ಹಾಳೆಯನ್ನು ವಾಪಸ್ ತೆಗೆದುಕೊಂಡರು, ಆದರೆ ಕೆಳಗಿಡಲಿಲ್ಲ. ಮುಂದಿನ ಸಾಲು ಓದಿದರು: ಹತ್ತು ಹತ್ತಕ್ಕೆ, ಹಿಂತಿರುಗಲು ಮೂರು ಸಲ ಕರೆದರೂ ಪೈಲಟ್ ಉತ್ತರಿಸಲಿಲ್ಲ. ಇದಕ್ಕೇನು ಹೇಳುತ್ತೀ ಎಂದು ಅಣ್ಣನನ್ನು ಕೇಳಿದರು.

ರೇಡಿಯೋ ಕೆಟ್ಟಿತ್ತು ಎಂದು ಅವನು ಮನೆಯಲ್ಲಿ ಸಾವಿರ ಸಲ ಹೇಳಿದ್ದ. ಅಮ್ಮ ಟವರಿನವನಿಗಿಂತ ಆ ರೇಡಿಯೋಗೇ ಹೆಚ್ಚು ಶಾಪ ಹಾಕಿದ್ದಳು. ಅದನ್ನೇ ಹೇಳುತ್ತಾನೆಂದು ಕಾದೆ. ಹಾಳೆ ಈಗ ಅವನ ಕೈಯಲ್ಲಿತ್ತು. ತುಂಬ ಹೊತ್ತು ನೋಡಿದ.

"ಕೇಳಿಸಿತ್ತು ಸ್ವಾಮಿ. ಹಾರಿದ್ಮೇಲೆ ವಾಪಸ್ ಬಾ ಅಂದ ಸಿಟ್ಟಲ್ಲಿ ಬೇಕಂತಲೇ ಸುಮ್ನಿದ್ದೆ."

ಲೈಸೆನ್ಸ್ ಉಳಿಯಿತು, ಆರು ತಿಂಗಳು ಹಾರುವಂತಿಲ್ಲ ಎಂದಾಯಿತು. ಯಾರ ಕಡೆಯೂ ವಾಲದ ಒಂದು ಹಾಳೆ ಇಬ್ಬರು ಗಂಡಸರ ಬಾಯಿಂದ ನಿಜ ಹೊರಡಿಸಿತ್ತು. ಅದರ ಬಗ್ಗೆ ನನಗೆ ಭಯವೂ ಭಕ್ತಿಯೂ ಒಟ್ಟಿಗೇ ಹುಟ್ಟಿದವು.

ಹೊರಗೆ ಮೊಗಸಾಲೆಯಲ್ಲಿ ಅಮ್ಮ ಅಣ್ಣನ ಒಳಗೆ ಮಡಿಚಿಕೊಂಡಿದ್ದ ಕಾಲರನ್ನು ಸರಿಮಾಡಿದಳು.

"ಒಂದ್ ಕಾಗದಕ್ಕೆ ಹೇಳ್ದೆ," ಎಂದಳು. "ನಂಗೆ ಹೇಳ್ಲಿಲ್ವಲ್ಲೋ."