ಊನವಿಲ್ಲದ ಹುಡುಗ

ಲೊಯ್ಟಾ ಬೆಟ್ಟದ ನಮ್ಮ ಅತ್ತಿ ಮರದ ಕೆಳಗೆ ಕೂತು ನಾವು ಹಿರಿಯರೆಲ್ಲ ಒಬ್ಬ ಹುಡುಗನ ಬಾಳಿಗೆ ಮಣ್ಣು ಹಾಕಿದೆವು. ಹಾಕಿದವರಲ್ಲಿ ಎಲ್ಲರಿಗಿಂತ ಮುಂದಿದ್ದವನು ನಾನೇ. ಈಗ ಸುಳ್ಳು ಹೇಳಿ ಯಾರನ್ನು ಮೆಚ್ಚಿಸಬೇಕಾಗಿದೆ?

ಈಟಿ ಹಿಡಿದು ಕಾಡು ಸುತ್ತುವ ನಮ್ಮ ಹರೆಯದವರು, ಮೊರಾನರು, ಜಡೆ ಬೋಳಿಸಿಕೊಂಡು ಸಂಸಾರಕ್ಕೆ ಇಳಿಯುವ ಮುಂಚೆ ಅವರಲ್ಲಿ ಒಬ್ಬನನ್ನು ಒಲೊಟುನೊ ಮಾಡಲೇಬೇಕು. ಓರಗೆಯವರೆಲ್ಲ ಕದ್ದ ದನ, ಕೆಡಿಸಿದ ಹೆಣ್ಣು, ಆಡಿದ ಸುಳ್ಳು, ಎಲ್ಲ ಪಾಪವೂ ಅವನೊಬ್ಬನ ತಲೆಗೆ. ಅವನಿಗೆ ಹಸು ಕೊಡುತ್ತಾರೆ, ಎಲ್ಲರಿಗಿಂತ ಮೊದಲು ಹೆಣ್ಣು ತಂದು ಮದುವೆ ಮಾಡುತ್ತಾರೆ, ಸಾಯುವತನಕ ಮರ್ಯಾದೆ ಕೊಡುತ್ತಾರೆ. ಆದರೆ ಆ ಸಾವು ಬೇಗ ಬರುತ್ತದೆ. ನನ್ನ ಓರಗೆಯ ಒಲೊಟುನೊ ಮೂರನೆಯ ಮಳೆಗಾಲ ಕಾಣಲಿಲ್ಲ. ಸತ್ತವನ ಹೆಸರು ಎತ್ತಬಾರದು, ನಾನೂ ಎತ್ತುವುದಿಲ್ಲ.

ಒಲೊಟುನೊ ಆಗುವವನ ಮೈಯಲ್ಲಿ ಊನವಿರಬಾರದು, ಅವನು ಮನುಷ್ಯನನ್ನು ಕೊಂದಿರಬಾರದು. ಮುಂಚೆಯೇ ಗೊತ್ತಾದರೆ ಯಾರೂ ಕೈಗೆ ಸಿಗುವುದಿಲ್ಲ, ಹಾಗಾಗಿ ಆಯ್ಕೆ ಗುಟ್ಟಾಗಿ ನಡೆಯಬೇಕು. ಆ ಸಲ ಜರಡಿ ಹಿಡಿದು ಹಿಡಿದು ಕೊನೆಗೆ ಇಬ್ಬರು ಉಳಿದರು. ಒಬ್ಬ ವಿಧವೆ ನೊನ್ಕಿಶುವಿನ ಮಗ ಮೊಸಿಯಾನಿ. ಇನ್ನೊಬ್ಬ ನನ್ನ ಮಗ ಲೆಶಾವೊ.

"ಏನಂತೀಯಪ್ಪ ಮೆಪುಕೊರಿ?" ಎಂದು ಎಲ್ಲರಿಗಿಂತ ಹಿರಿಯನಾದ ನಂಪಾಸೊ ನನ್ನ ಕಡೆ ತಿರುಗಿದ.

"ನನ್ನ ಮಗ ಒರಟ, ಬಾಯಿಬಡುಕ. ಮೊಸಿಯಾನಿ ಸೌಮ್ಯ, ಹಿರಿಯರ ಮಾತು ಮೀರಲ್ಲ. ಇಂಥದ್ದಕ್ಕೆ ಅಂಥೋನೇ ಸರಿ."

"ಅವನ ಪರ ಮಾತಾಡೋಕೆ ಅಪ್ಪ ಇಲ್ಲ ಅನ್ನೋದಕ್ಕೆ ಇಷ್ಟು ಸುತ್ತಬೇಕೇನೋ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಜೇನಿನ ಹೆಂಡವನ್ನು ಬಾಯಿತುಂಬ ತುಂಬಿಕೊಂಡು ಮರದ ಬುಡಕ್ಕೆ ಉಗುಳಿ, ಗುಟ್ಟು ಬಿಟ್ಟುಕೊಡುವುದಿಲ್ಲ ಎಂದು ದೇವರಾದ ಎಂಕಾಯ್ ಹೆಸರಿನಲ್ಲಿ ಆಣೆಯಿಟ್ಟೆವು.

ಕೆಳಗೆ ಹಳ್ಳದ ದಂಡೆಯಲ್ಲಿ ಮಾರ್ಗಿಟ್ ಕಾಯುತ್ತಿದ್ದಳು. ನಮ್ಮ ಮರ, ನಮ್ಮ ಕಾಡು, ನಮ್ಮ ಪೂಜೆ ನೋಡಲು ಸ್ವೀಡನ್ನಿನಿಂದ ಬಂದವಳು. ಹಟ್ಟಿಗೆ ಬಂದು ಎರಡು ವಾರವಾಗಿತ್ತು. ನರೋಕ್ ಪಟ್ಟಣದ ಕೋರ್ಟಿನಲ್ಲಿ ದುಭಾಷಿಯಾಗಿದ್ದ ನಾನೇ ಅವಳಿಗೆ ಬಾಯಿ, ನಾನೇ ಕಿವಿ. ಅವಳ ಚೀಲ ಹೊತ್ತು, ಶಾಲೆಯಲ್ಲಿ ಕಲಿತ ಅರೆಬರೆ ಇಂಗ್ಲಿಷಿನಲ್ಲಿ ಅವಳಿಗೆ ಹಾಲು ಕರೆಯುವುದನ್ನು ಕಲಿಸಿದವನು ಮೊಸಿಯಾನಿ. ಹಸು ತನ್ನನ್ನು ಒದ್ದು ಬೀಳಿಸಿದಾಗಲೂ ನಗದ ಹುಡುಗ ಎಂದು ಅವನನ್ನು ಹೊಗಳುತ್ತಿದ್ದಳು. ದೂರದ ಹುಲ್ಲುಗಾವಲಿನಲ್ಲಿ ದನ ಕಾಯುತ್ತಿದ್ದ ನನ್ನ ಮಗನನ್ನು ಅವಳು ನೋಡಿಯೇ ಇರಲಿಲ್ಲ.

"ಅಷ್ಟು ಹೊತ್ತು ಏನು ಮಾತಾಡಿದ್ರಿ?" ಎಂದು ಕೇಳಿದಳು.

ಮಳೆ ವಿಷಯ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಮಗ ಉಳಿದ ಎಂಬ ಖುಷಿ ಹೊಟ್ಟೆಯಲ್ಲಿ ನಿಲ್ಲಲಿಲ್ಲ, ಯಾರಿಗಾದರೂ ಹೇಳಬೇಕಿತ್ತು. ಎಂಕಾಯ್‌ಗೆ ಇಂಗ್ಲಿಷ್ ಬರುವುದಿಲ್ಲ ಎಂದುಕೊಂಡೆನೋ ಏನೋ! ಮಗನ ಹೆಸರೊಂದನ್ನು ಬಿಟ್ಟು ಎಲ್ಲವನ್ನೂ ಕಕ್ಕಿಬಿಟ್ಟೆ.

ಅವಳ ಮುಖ ಕೆಂಪಾಯಿತು. "ಅವನನ್ನ ಒಂದು ಮಾತು ಕೇಳದೆ?"

"ಕೇಳಿದ್ರೆ ಯಾರಮ್ಮ ಒಪ್ಕೋತಾರೆ?"

"ಇದು ಕೊಲೆ."

"ಪದ್ಧತಿ. ಯಾರ ಹತ್ರಾನೂ ಬಾಯಿ ಬಿಡ್ಬೇಡ."

ಅವಳು ತಲೆಯಾಡಿಸಿದಳು. ಅದನ್ನೇ ಮಾತು ಕೊಟ್ಟಳೆಂದು ತಿಳಿದ ದಡ್ಡ ನಾನು.

ಮರುದಿನ ಬಿಸಿಲೇರುವ ಹೊತ್ತಿಗೆ, ಹುಲ್ಲುಗಾವಲಿನಿಂದ ಬಂದ ನನ್ನ ಮಗನೂ ಸೇರಿ, ಮೊರಾನರೆಲ್ಲ ಮೈಗೆ ಕೆಮ್ಮಣ್ಣು ಬಳಿದುಕೊಂಡು ಕುಣಿತಕ್ಕೆ ನೆರೆದರು. ಕುಣಿತದ ನಡುವೆ ಸುತ್ತುವರಿದು ಮೊಸಿಯಾನಿಯನ್ನು ಹಿಡಿಯಬೇಕು, ಅದು ನಮ್ಮ ಲೆಕ್ಕ. ಅವನು ಎಲ್ಲರಿಗಿಂತ ಕೊನೆಗೆ ಬಂದ. ಎಡಗೈಗೆ ಬಟ್ಟೆ ಸುತ್ತಿತ್ತು, ಬಟ್ಟೆಯಿಂದ ರಕ್ತ ತೊಟ್ಟಿಕ್ಕುತ್ತಿತ್ತು. ನಂಪಾಸೊ ಬಟ್ಟೆ ಬಿಚ್ಚಿ ನೋಡಿದ. ಕಿರುಬೆರಳು ಬುಡಸಮೇತ ಹೋಗಿತ್ತು.

"ಏನಾಯ್ತೋ?"

"ಸೌದೆ ಕಡೀವಾಗ ಕತ್ತಿ ಜಾರ್ತು ಅಜ್ಜ."

"ಸೌದೆ? ಹೆಂಗಸರ ಕೆಲಸ ಮೊರಾನರು ಯಾವಾಗಿಂದ ಶುರು ಹಚ್ಕೊಂಡ್ರೋ? ನಾಳೆ ನೀರೂ ಹೊರ್ತೀಯಾ?"

"ಹೊರ್ತೀನಿ. ಅವ್ವಂಗೆ ಇರೋನು ನಾನೊಬ್ನೇ ಅಲ್ವಾ?"

ಹುಡುಗ ಕಣ್ಣು ತಗ್ಗಿಸಲಿಲ್ಲ. ಹೆಂಗಸರ ಗುಂಪಿನಲ್ಲಿ ಅವನ ತಾಯಿಯ ಪಕ್ಕ ನಿಂತಿದ್ದ ಮಾರ್ಗಿಟ್ ಕಣ್ಣೊರೆಸಿಕೊಳ್ಳುತ್ತಿದ್ದಳು. ಅವಳೇ ಹೇಳಿದ್ದು ಎಂದು ನನಗೆ ಆಗ ಗೊತ್ತಾಯಿತು.

ನಂಪಾಸೊ ನಮ್ಮನ್ನು ಪಕ್ಕಕ್ಕೆ ಕರೆದ. "ನಮ್ಮಲ್ಲೇ ಯಾರೋ ನಾಲಿಗೆ ಹರಿಬಿಟ್ಟಿದ್ದಾರೆ. ಉಗುಳಿ ಶಾಪ ಹಾಕಿ. ಅವನ ಕೊಟ್ಟಿಗೆ ಬರಿದಾಗಲಿ. ಅವನ ಮಗ ಅವನಿಗಿಂತ ಮುಂಚೆ ಹೋಗಲಿ."

ಒಬ್ಬೊಬ್ಬರಾಗಿ ಹೇಳಿದರು. ನನ್ನ ಸರದಿ ಬಂತು. ಉಗುಳು ಹೊರಡಲಿಲ್ಲ, ಆದರೂ ಹೇಳಿದೆ, ಒಂದಕ್ಷರ ಬಿಡದೆ. ನಂಪಾಸೊ ನನ್ನ ಬಾಯನ್ನೇ ನೋಡುತ್ತಿದ್ದ.

"ಚೆನ್ನಾಗಿ ಹೇಳ್ದೆ" ಎಂದ. "ಈಗ ಉಳಿದಿರೋನು ಒಬ್ನೇ. ಹೊತ್ತು ನೆತ್ತಿಗೆ ಬರೋದ್ರೊಳಗೆ ಮುಗೀಬೇಕು. ಈ ಸಲ ಮೊದ್ಲು ಆಯುಧ ಇಸ್ಕೊಳ್ಳೋಣ. ಇವತ್ತು ನಮ್ಮ ಗುಂಪು ನೋಡಿ ಹುಡುಗ್ರಿಗೆಲ್ಲ ಅನುಮಾನ ಬಂದಿದೆ. ನಾವು ಕೇಳಿದ್ರೆ ಅವನು ಕೊಡಲ್ಲ. ನೀನು ಕೇಳಿದ್ರೆ ಕೊಡ್ತಾನೆ."

ಒಲ್ಲೆ ಎಂದರೆ ತಪ್ಪೊಪ್ಪಿಕೊಂಡ ಹಾಗೆ. ಆಣೆ ಮುರಿದವನನ್ನು ಯಾರೂ ಹಟ್ಟಿಯೊಳಗೆ ಇಟ್ಟುಕೊಳ್ಳುವುದಿಲ್ಲ, ಅವನ ಜೊತೆ ಕೂತು ಹಾಲು ಕುಡಿಯುವುದಿಲ್ಲ. ನಾನು ಮಗನ ಕಡೆ ನಡೆದೆ. ಓಡೋ ಎಂಬ ಒಂದೇ ಮಾತು ಸಾಕಿತ್ತು. ಅವನ ಕಾಲಿಗೆ ಸಾಟಿಯಾದವರು ಅಲ್ಲಿ ಯಾರೂ ಇರಲಿಲ್ಲ. ಪರದೇಶದವಳ ಮುಂದೆ ಎಲ್ಲವನ್ನೂ ಸುರಿದ ನನ್ನ ಬಾಯಿಂದ ನನ್ನ ಮಗನಿಗೆ ಆ ಒಂದು ಮಾತು ಹೊರಡಲಿಲ್ಲ. ಹೇಡಿ ನಾನು, ಇದಕ್ಕೆ ಬೇರೆ ಹೆಸರಿಲ್ಲ.

"ನಿನ್ನ ಕತ್ತಿ ಕೊಡೋ, ಅಲಗು ನೋಡೋಣ" ಎಂದೆ.

"ತಗೋ ಅಪ್ಪ. ನಿನ್ನೆ ತಾನೇ ಮಸೆದೀನಿ. ಹುಷಾರು, ಕೈ ಕೊಯ್ದೀತು."

"ಈಟೀನೂ ಕೊಡು."

ಅದನ್ನೂ ಕೊಟ್ಟ. ಕುಣಿದ ಬೆವರಿಗೆ ಅವನ ಮುಖ ಹೊಳೆಯುತ್ತಿತ್ತು. "ಎಷ್ಟೆತ್ತರ ಹಾರ್ದೆ ನೋಡ್ದಾ? ನಿನ್ನ ಕಾಲದೋರು ಇಷ್ಟು ಹಾರ್ತಿದ್ರಾ?"

ಅಷ್ಟರಲ್ಲಿ ಹಿಂದಿನಿಂದ ಎಲ್ಲರೂ ಮುಗಿಬಿದ್ದರು. ಮೊದಲು ತಮಾಷೆಯೆಂದುಕೊಂಡು ನಕ್ಕ. ಆಮೇಲೆ ತಿಳಿಯಿತು. ಸೊಂಟ ತಡವಿದ, ಕತ್ತಿ ಇರಲಿಲ್ಲ. ಯಾರದೋ ತೋಳು ಕಚ್ಚಿದ, ಒದ್ದ, ನೆಲಕ್ಕೆ ಬಿದ್ದ. "ಅಪ್ಪಾ, ಇವರು ಹಿಡ್ಕೊಂಡವ್ರೆ! ಕತ್ತಿ ಎಸಿ ಅಪ್ಪಾ!" ಎಂದು ಕೂಗಿದ. ನಾನೇ ಮಾಡಿಸಿದ್ದೆಂದು ಅವನಿಗೆ ಆಗಲೂ ಹೊಳೆಯಲಿಲ್ಲ. ಹೊಳೆದಿದ್ದರೆ ವಾಸಿಯಿತ್ತು. ಎರಡು ಕೈಯಲ್ಲೂ ಅವನ ಆಯುಧ ಹಿಡಿದು ನಾನು ನಿಂತೇ ಇದ್ದೆ.

ಮಾರ್ಗಿಟ್ ಓಡಿಬಂದು ನನ್ನ ತೋಳು ಹಿಡಿದಳು. ಮೊಸಿಯಾನಿ ಉಳಿದನೆಂಬ ಸಮಾಧಾನಕ್ಕೆ ಅಳುತ್ತಿದ್ದಳು, ಈ ಹುಡುಗನ ಕೂಗಿಗೂ ಅಳುತ್ತಿದ್ದಳು.

"ಅವನು ಯಾರು? ಏನಂತ ಕೂಗ್ತಿದ್ದಾನೆ?"

"ಆಯುಧ ಕೇಳ್ತಿದ್ದಾನೆ."

"ಇಷ್ಟು ಜನರಲ್ಲಿ ಅವನಿಗೆ ತನ್ನವರು ಅಂತ ಒಬ್ಬರೂ ಇಲ್ವಾ?"

ಕೋರ್ಟಿನಲ್ಲಿ ಕಲಿತ ಇಂಗ್ಲಿಷಿನಲ್ಲಿ, ಸ್ಪಷ್ಟವಾಗಿ, "ಇಲ್ಲ" ಎಂದೆ.