ಜುಲೈ ತಿಂಗಳ ಭಕ್ತರು

ಪಾಸ್ಟರ್ ಎಲಿಸೆಯೊನ ಸಭೆ ಬೆಳೆಯುತ್ತಿದ್ದುದು ಜುಲೈನಲ್ಲಿ ಮಾತ್ರ. ಇದು ಸಾನ್ ಬಾರ್ತೊಲೊ ಚುವಿ ಊರಿನ ನಾಯಿಗಳಿಗೂ ಗೊತ್ತಿತ್ತು, ಗೊತ್ತಿಲ್ಲದಿದ್ದುದು ಪಟ್ಟಣದಲ್ಲಿದ್ದ ಸಭೆಯ ಮುಖ್ಯ ಕಚೇರಿಗೆ.

ಜುಲೈನಲ್ಲಿ ಸಂತ ಬಾರ್ತೊಲೊನ ಸೇವೆಯ ಹಿರಿಯರು ಮುಂದಿನ ವರ್ಷದ ಹಬ್ಬದ ಯಜಮಾನನನ್ನು, ಅಂದರೆ ಮಯೊರ್ದೋಮೊನನ್ನು ಆರಿಸುತ್ತಾರೆ. ಆರಿಸಲ್ಪಟ್ಟವನು ಹಬ್ಬದಲ್ಲಿ ಊರಿಗೆಲ್ಲ ತಮಾಲೆ ಕಡುಬಿನ ಊಟ ಹಾಕಿಸಬೇಕು, ಮರಿಂಬಾ ವಾದ್ಯದವರನ್ನು ಕರೆಸಬೇಕು, ಬಾಣ-ಬಿರುಸು ಬಿಡಿಸಬೇಕು. ಆ ಪದವಿಯ ಗುರುತಾದ ಬೆಳ್ಳಿಹಿಡಿಯ ಕೋಲು ಕೈಗೆ ಬಂದ ಮೇಲೆ ವರ್ಷವಿಡೀ ಊರು ಬಿಟ್ಟು ಒಂದು ರಾತ್ರಿಯೂ ಹೊರಗೆ ಮಲಗುವ ಹಾಗಿಲ್ಲ. ಸಂತರನ್ನು ಪೂಜಿಸದ ಎಲಿಸೆಯೊನ ಸುವಾರ್ತೆ ಸಭೆ ಸೇರಿದವರಿಗೆ ಮಾತ್ರ ಇದರಿಂದ ವಿನಾಯಿತಿ. ಹಾಗಾಗಿ ಜುಲೈ ಬಂತೆಂದರೆ ಊರಿನ ಗಂಡಸರಿಗೆ ದೇವರ ಕರೆ ಕೇಳಿಸುತ್ತಿತ್ತು. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ನೋಡಿ. ಯಾರೋ ಬಡಪಾಯಿ ಸಿಕ್ಕಿಬಿದ್ದ ಮರುದಿನವೇ ಎಲ್ಲರೂ ಸಂತನ ಬಳಿಗೆ ವಾಪಸು. ಹಬ್ಬದಲ್ಲಿ ತಮಾಲೆಗೆ ಮೊದಲ ಸಾಲು ಅವರದೇ.

ಎಲಿಸೆಯೊ ತಲೆ ಎಣಿಸಿ ಕಚೇರಿಗೆ ಕಳಿಸುತ್ತಿದ್ದುದೂ ಜುಲೈನಲ್ಲೇ. ಸುಳ್ಳು ಹೇಳಿದವನಲ್ಲ ಅವನು, ತಿಂಗಳು ಆರಿಸಿಕೊಂಡಿದ್ದ ಅಷ್ಟೆ. ಭಕ್ತರ ಸಂಖ್ಯೆ ಕಡಿಮೆಯಾದ ಸಭೆಯ ಪಾಸ್ಟರ್‌ಗಳನ್ನು ಕರಾವಳಿಯ ಸೆಕೆಗೆ ಎತ್ತಿಹಾಕುತ್ತಿದ್ದರು. ಇಲ್ಲಿ ಅವನ ಜೋಳದ ಹೊಲವಿತ್ತು, ತಾಯಿಯ ಗೋರಿಯಿತ್ತು, ಹೆಂಡತಿ ಕಾಂದೆಲಾರಿಯಾಳ ಮಗ್ಗವಿತ್ತು. ಊರು ಬಿಡಬೇಕೆಂದರೆ ಅವನಿಗೆ ಜೀವವೇ ಹೋದಂತಾಗುತ್ತಿತ್ತು.

ಸೆಪ್ಟೆಂಬರಿನಲ್ಲಿ ಮೇಲ್ವಿಚಾರಕ ಬ್ರದರ್ ಒತೊನಿಯೆಲ್ ಫೋನು ಮಾಡಿದ. "ಬ್ರದರ್, ನಮ್ಮ ಗ್ರಾಫಲ್ಲಿ ನಿಮ್ಮೂರಿನ ಗೆರೆ ಹಿಂಗೇ ಮೇಲಕ್ಕೆ ಹೋದ್ರೆ ಎಂಟು ವರ್ಷದಲ್ಲಿ ಅಲ್ಲಿ ಸಂತನ್ನ ಕೇಳೋರೇ ಇರಲ್ಲ! ಭಾನುವಾರ ಬಂದು ಕಣ್ಣಾರೆ ನೋಡ್ತೀನಿ."

ಹಿಂದಿನ ಭಾನುವಾರ ಸಭೆಯಲ್ಲಿದ್ದವರು ಹನ್ನೊಂದು ಜನ. ಅದರಲ್ಲಿ ಇಬ್ಬರು ನಿದ್ದೆ ಹೋಗಿದ್ದರು.

ಎಲಿಸೆಯೊ ಮಾವನ ಮನೆಗೆ ಓಡಿದ. ಮಾವ ದೊನ್ ಗಾಸ್ಪರ್ ಸಂತನ ಸೇವೆಯ ಹಿರಿಯರಿಗೆಲ್ಲ ಹಿರಿಯ. ಅಳಿಯ ಪಾಸ್ಟರ್ ಆದ ದಿನದಿಂದ ಅವನ ಜೊತೆ ಹವಾಮಾನ ಬಿಟ್ಟು ಬೇರೇನೂ ಮಾತಾಡಿದವನಲ್ಲ.

"ಮಾವ, ಭಾನುವಾರ ಇನ್ನೊಂದ್ಸಲ ಮಯೊರ್ದೋಮೊನ್ನ ಆರಿಸ್ತೀವಿ ಅಂತ ಡಂಗುರ ಹೊಡೆಸ್ತೀರಾ? ಸುಮ್ನೆ, ಹೆದರಿಸೋಕೆ."

"ಸುಮ್ನೆ ಯಾಕೆ? ಜುಲೈನಲ್ಲಿ ಆರಿಸಿದ ಆ ಕಳ್ಳನನ್ಮಗ ಕೋಲು ಮುಟ್ಟೋಕ್ಮುಂಚೆ ಗಡಿ ದಾಟಿ ಮೆಕ್ಸಿಕೋಗೆ ಓಡೋದ. ನನಗೂ ಒಬ್ಬ ಬೇಕೇ ಬೇಕು."

"ಹಂಗಾದ್ರೆ ಎಲ್ರೂ ನನ್ನ ಹತ್ರ ಬಂದ್ಬಿಡ್ತಾರಲ್ಲ. ನಿಮಗೆ ಯಾರು ಸಿಗ್ತಾರೆ?"

"ಸಿಗ್ತಾನೆ ಬಿಡಪ್ಪ," ಎಂದ ಮುದುಕ. "ಇವತ್ತು ಮೋಡ ಜಾಸ್ತಿ, ಅಲ್ವಾ?"

ಭಾನುವಾರ ಪ್ರಾರ್ಥನಾಲಯದಲ್ಲಿ ಸಾಸಿವೆ ಹಾಕಿದರೆ ನೆಲಕ್ಕೆ ಬೀಳುವಂತಿರಲಿಲ್ಲ. ಕಿಟಕಿಗಳಲ್ಲೂ ತಲೆಗಳು. ಇಡೀ ಜನ್ಮದಲ್ಲಿ ಬೈಬಲ್ ಮುಟ್ಟದ ಸಾರಾಯಿ ಅಂಗಡಿಯ ಫೌಸ್ತೀನೊ ಎಲ್ಲರಿಗಿಂತ ಜೋರಾಗಿ "ಹಲ್ಲೆಲೂಯ" ಎಂದು ಕಿರುಚುತ್ತಿದ್ದ. ಎದುರಿನ ಸಂತನ ಇಗರ್ಜಿಯ ಮೆಟ್ಟಿಲ ಮೇಲೆ ದೊನ್ ಗಾಸ್ಪರ್ ಒಬ್ಬನೇ, ಕೋಲು ಹಿಡಿದು, ಬಿಸಿಲು ಕಾಯಿಸುತ್ತಾ ಕೂತಿದ್ದ.

ಬ್ರದರ್ ಒತೊನಿಯೆಲ್‌ನ ಕಣ್ಣು ತುಂಬಿಬಂತು. ಎದ್ದು ನಿಂತು ಎಲಿಸೆಯೊನ ಹೆಗಲ ಮೇಲೆ ಕೈಯಿಟ್ಟ.

"ನಮ್ಮ ಲೆಕ್ಕ ಸುಳ್ಳಾಗಲಿಲ್ಲ! ಇಲ್ಲಿ ಇವರ ಕೆಲಸ ಮುಗೀತು. ಇನ್ನು ಈ ಸಭೇನ ಯಾರು ಬೇಕಾದ್ರೂ ನಡೆಸಬಹುದು. ಇಂಥ ಗಟ್ಟಿಗರು ಇರಬೇಕಾದ್ದು ಒಬ್ಬ ಭಕ್ತನೂ ಇಲ್ಲದ ಕಡೆ. ಮುಂದಿನ ತಿಂಗಳಿಂದ ಬ್ರದರ್ ಎಲಿಸೆಯೊ ಕರಾವಳಿಗೆ!"

ಜನ ಹಲ್ಲೆಲೂಯ ಎಂದರು. ಕಾಂದೆಲಾರಿಯಾಳ ಮುಖ ಬಿಳಿಚಿತು.

ಎಲಿಸೆಯೊ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಕಡಿಮೆಯಾದರೂ ಕರಾವಳಿ, ಹೆಚ್ಚಾದರೂ ಕರಾವಳಿ. ಇಷ್ಟು ವರ್ಷ ತಿಂಗಳು ನೋಡಿ ತಲೆ ಎಣಿಸಿದ್ದು ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಯಿತು. ಬಾಗಿಲಾಚೆ ಮಾವ ಇತ್ತಲೇ ನೋಡುತ್ತಿದ್ದ. ಕೋಲಿನ ಬೆಳ್ಳಿ ಬಿಸಿಲಿಗೆ ಮಿಂಚುತ್ತಿತ್ತು. ವರ್ಷವಿಡೀ ಊರು ಬಿಡುವ ಹಾಗಿಲ್ಲ ಎಂಬ ಕಟ್ಟಳೆ ಆಗ ಅವನಿಗೆ ನೆನಪಾಯಿತು. ಜೊತೆಗೆ 'ಸಿಗ್ತಾನೆ ಬಿಡಪ್ಪ' ಎಂದು ಮಾವ ಮೋಡದ ಮಾತೆತ್ತಿದ್ದೂ ನೆನಪಾಯಿತು.

"ಒಂದು ಲೋಟ ನೀರು ಕುಡಿದು ಬರ್ತೀನಿ ಬ್ರದರ್," ಎಂದವನು ಸೀದಾ ಚೌಕ ದಾಟಿದ.

"ತಡ ಆಯ್ತು ಅಳಿಯಂದ್ರೇ," ಎಂದ ದೊನ್ ಗಾಸ್ಪರ್. "ಸೆಕೆಗಿಂತ ತಮಾಲೆ ವಾಸಿ ಅಲ್ವಾ?"

"ನೀವು ದೊಡ್ಡ ಫಟಿಂಗರು ಮಾವ."

"ಮಗಳನ್ನ ಅಷ್ಟು ದೂರ ಕಳಿಸಿ ನಾನು ಯಾರ ಮುಖ ನೋಡ್ಲಿ? ಹಿಡ್ಕೊ."

ಎಲಿಸೆಯೊ ಕೋಲು ಹಿಡಿದ. ಹೊಲ ಅಡವಿಟ್ಟು ಊರಿಗೆ ಉಣ್ಣಿಸಬೇಕಾದೀತು ಎಂದು ಗೊತ್ತಿದ್ದೂ ಅವನಿಗೆ ನಗು ತಡೆಯಲಾಗಲಿಲ್ಲ. ಮಯೊರ್ದೋಮೊ ಸಿಕ್ಕಿದ ಸಂಕೇತಕ್ಕೆ ಮುದುಕ ಒಂದು ಬಾಣ ಹಚ್ಚಿದ. ಅದು ಆಕಾಶದಲ್ಲಿ ಢಂ ಎಂದಿತು.

ಪ್ರಾರ್ಥನಾಲಯದ ಎರಡೂ ಬಾಗಿಲುಗಳಿಂದ ಜನ ನುಗ್ಗಿ ಬಂದರು. ಮುಂದೆ ಫೌಸ್ತೀನೊ. "ಸಂತ ಬಾರ್ತೊಲೊಗೆ ಜಯವಾಗ್ಲಿ! ಹೊಸ ಮಯೊರ್ದೋಮೊಗೆ ಜಯವಾಗ್ಲಿ!"

ಖಾಲಿ ಬೆಂಚುಗಳ ನಡುವೆ ಬ್ರದರ್ ಒತೊನಿಯೆಲ್ ಕೈ ಎತ್ತಿಕೊಂಡೇ ನಿಂತಿದ್ದ. "ಸಿಸ್ಟರ್, ಇದೇನಾಗ್ತಿದೆ?"

ಕಾಂದೆಲಾರಿಯಾ ಶಾಲು ಹೊದ್ದುಕೊಂಡು ಗಂಡನ ಕಡೆ ಹೊರಟಿದ್ದಳು.

"ಏನಿಲ್ಲ ಬ್ರದರ್, ನಿಮ್ಮ ಗೆರೆ ಇಳೀತಿದೆ," ಎಂದಳು. "ಗಾಬರಿ ಆಗ್ಬೇಡಿ, ಜುಲೈಗೆ ಮತ್ತೆ ಏರತ್ತೆ."